ತಿರುಗೋ ಗೇಟು

ನಮ್ಮ ಓಣಿಯ ಇಸ್ತ್ರಿ ಅಕ್ಕ ಬಾಗಿಲು ತಟ್ಟಿದರೆ ತೆರೆಯದ ಮನೆಯೇ ಇರಲಿಲ್ಲ. ನಾನು ಎದುರು ಮನೆಯ ದರ್ಜಿ. ನಾನು ಹೊಲಿದದ್ದಕ್ಕೆಲ್ಲ ಇಸ್ತ್ರಿ ಹಾಕಿದವಳು ಅವಳೇ. ಆ ನಂಬಿಕೆ ನೋಡಿಯೇ ನಗರ ಯೋಜನೆ ಕಚೇರಿಯವರು ಅವಳನ್ನು ಹಿಡಿದರು. ಓಣಿಯ ಬಾಯಲ್ಲಿದ್ದ, ನಾವೆಲ್ಲ ರಸ್ತೆಗೆ ದಾಟುತ್ತಿದ್ದ ಖಾಲಿ ಜಾಗಕ್ಕೆ ಬೇಲಿ ಹಾಕಿ ಪಾರ್ಕ್ ಮಾಡುತ್ತೇವೆ, ಎಲ್ಲರಿಗೂ ಆರೋಗ್ಯ ಎಂದರು. ಅಕ್ಕ ಮನೆಮನೆ ತಿರುಗಿ ನೂರಾ ಹತ್ತು ಸಹಿ ಹಾಕಿಸಿದಳು. 'ಬೈಕ್ ನುಗ್ಗದಂಗೆ ರಸ್ತೆ ಕಡೆ ಒಂದು ತಿರುಗೋ ಗೇಟು ಹಾಕಿ ಸ್ವಾಮಿ, ಮಕ್ಕಳು ಆಡ್ತವೆ' ಎಂದು ಕೇಳಿದವಳೂ ಅವಳೇ.

ಗೇಟು ಬಂತು. ಒಬ್ಬೊಬ್ಬರೇ ಹೊಟ್ಟೆ ಒಳಗೆಳೆದುಕೊಂಡು ದಾಟಬೇಕು. ಅದೇ ವರ್ಷ ಅವಳ ಅತ್ತೆಗೆ ಕಿಡ್ನಿ ಕೈಕೊಟ್ಟಿತು, ಕಾಲುಗಳೂ ಸೋತವು. ವಾರಕ್ಕೆರಡು ಡಯಾಲಿಸಿಸ್, ಒಂದು ತಪ್ಪಿದರೂ ಜೀವಕ್ಕೆ ಅಪಾಯ ಎಂದರು ಡಾಕ್ಟರು. ಗಾಲಿಕುರ್ಚಿ ಆ ಗೇಟಿನಲ್ಲಿ ತೂರುವುದಿಲ್ಲ, ಓಣಿಗೆ ಬೇರೆ ದಾರಿಯಿಲ್ಲ. 'ನಡೆಯೋಕಾಗದವರು ಎಷ್ಟು ಜನ ಇದ್ದೀರಿ?' ಎಂದು ಗೇಟು ಹಾಕುವಾಗ ಕಚೇರಿಯ ಒಬ್ಬ ಪುಣ್ಯಾತ್ಮನೂ ಕೇಳಿರಲಿಲ್ಲ. ನಾವಾದರೂ ಯೋಚಿಸಿದೆವೇ? ಇಲ್ಲ.

ನಾಲ್ವರು ಸೇರಿ ಕುರ್ಚಿ ಸಮೇತ ಮುದುಕಿಯನ್ನು ಎದೆಯೆತ್ತರದ ಬೇಲಿ ದಾಟಿಸುತ್ತಿದ್ದೆವು. 'ಮೆಲ್ಲಗೆ ಕಣ್ರಪ್ಪಾ, ನಾಲ್ಕು ಜನ ಹೊರೋ ಹೊತ್ತು ಇನ್ನೂ ಬಂದಿಲ್ಲ' ಎಂದು ಆಕೆಯೇ ನಗಿಸುತ್ತಿದ್ದಳು. ಬರಬರುತ್ತಾ ನಾಲ್ವರು ಮೂವರಾದರು, ಇಬ್ಬರಾದರು. ಎಲ್ಲರಿಗೂ ಅವರವರ ಕೆಲಸ.

ಅಕ್ಕ ಕಚೇರಿಗೆ ಹೋದಳು. 'ಜನ ಕೇಳಿದ್ರು, ಹಾಕಿದ್ವಿ. ತೆಗೀಬೇಕಂದ್ರೆ ಮತ್ತೆ ನೂರಾ ಹತ್ತು ಸಹಿ ತನ್ನಿ' ಎಂದರು. ಮತ್ತೆ ಮನೆಮನೆ ತಿರುಗಿದಳು. ಎಲ್ಲರದೂ ಒಂದೇ ಉತ್ತರ: 'ಬೈಕ್ ನುಗ್ಗಿದ್ರೆ ಮಕ್ಕಳ ಗತಿ? ನೀವೇ ಅಲ್ವಾ ಅಕ್ಕಾ ಹೇಳಿದ್ದು?' ಅವಳ ಮಾತೇ ಅವಳ ಕೊರಳಿಗೆ ಸುತ್ತಿಕೊಂಡಿತು.

ನನ್ನ ಮಗಳೂ ಅಲ್ಲೇ ಆಡುತ್ತಾಳೆ. 'ನಾಳೆ ನೋಡೋಣ ಅಕ್ಕಾ' ಎಂದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ನಿನ್ನೆ ಡಯಾಲಿಸಿಸ್ ದಿನ. ಎತ್ತಲು ಬಂದವನು ನಾನೊಬ್ಬನೇ. ಆಟೋದವನು ಕಾದು ಕಾದು ಹೊರಟುಹೋಗಿದ್ದ. ಪಾರ್ಕಿನಲ್ಲಿ ಜನ ಕಿವಿಗೆ ಹಾಡು ಸಿಕ್ಕಿಸಿಕೊಂಡು ಆರೋಗ್ಯಕ್ಕೆಂದು ಸುತ್ತು ಹಾಕುತ್ತಿದ್ದರು. ಕೂಗಿದರೂ ಒಬ್ಬರೂ ತಿರುಗಲಿಲ್ಲ. ಅಕ್ಕನೂ ನಾನೂ ಮೂರು ಸಲ ಎತ್ತಿ ನೋಡಿದೆವು, ಆಗಲಿಲ್ಲ.

'ಸಾಕು ಬಿಡೇ, ಮನೆಗೆ ನಡಿ' ಎಂದಳು ಅತ್ತೆ. ಅವಳ ಮುಖ ಬಾತುಕೊಂಡಿತ್ತು. ಅಕ್ಕ ಅಳಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ, ಗೇಟು ತೆಗೆಸೋ ಅರ್ಜಿಯ ಹಾಳೆ ತೆಗೆದು ನನ್ನ ಮುಂದೆ ಹಿಡಿದಳು. ಅದರಲ್ಲಿ ಅತ್ತೆಯ ಹೆಬ್ಬೆಟ್ಟು, ಸೊಸೆಯ ಸಹಿ, ಅಷ್ಟೇ. ನಾನು ಮೂರನೆಯದು ಹಾಕಿದೆ.

ಇನ್ನೂ ನೂರಾ ಏಳು ಬೇಕು.