ಬಸ್ಸಿನ ಆಲ್ಟರ್ನೇಟರ್ ಬೇಡ ಎಂದದ್ದು

ನಮ್ಮ ಮನೆಯ ಟ್ರ್ಯಾಕ್ಟರ್ ನನ್ನ ಗಂಡನಿಗಿಂತ ಹಿರಿಯದು, ಹಟದಲ್ಲೂ ಅವನಿಗಿಂತ ಒಂದು ಕೈ ಮೇಲು. ಅದರ ಡೈನಮೋ ಬ್ಯಾಟರಿ ಚಾರ್ಜ್ ಮಾಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಹಾಗಾಗಿ ಅದನ್ನು ಯಾವಾಗಲೂ ಇಳಿಜಾರಿನಲ್ಲಿ ನಿಲ್ಲಿಸಬೇಕು, ಬೆಳಿಗ್ಗೆ ತಳ್ಳಿ ಉರುಳಿಸಿ ಸ್ಟಾರ್ಟ್ ಮಾಡಬೇಕು. ಒಮ್ಮೆ ಸ್ಟಾರ್ಟ್ ಆಯಿತೆಂದರೆ ಸಂಜೆಯವರೆಗೆ ಯಾರೂ ಆಫ್ ಮಾಡುವಂತಿಲ್ಲ. ಗದ್ದೆ ಉಳುವ ಹೂಟಿಯ ದಿನಗಳಲ್ಲಿ ಊಟವನ್ನೂ ಜಗಳವನ್ನೂ ಆ ಸದ್ದನ್ನು ಮೀರಿ ಕಿರುಚಿಕೊಂಡೇ ಮುಗಿಸುತ್ತಿದ್ದೆವು.

ಕಳೆದ ಮಳೆಗಾಲಕ್ಕೆ ಮುಂಚೆ ಮಾವನ ತಾಳ್ಮೆ ಮುಗಿಯಿತು. "ಇನ್ನ್ ಗದ್ದೇಲಿ ತಳ್ಳೋ ಹಂಗಾದ್ರೆ ಗುಜರಿಗೆ ಹಾಕ್ತೀನಿ, ಅಷ್ಟೇ" ಎಂದರು. ನಾನು ಓಡಿಸಲು ಕಲಿತದ್ದು ಅದೇ ಟ್ರ್ಯಾಕ್ಟರಿನಲ್ಲಿ. ಹೊಸತು ಬಂದರೆ ಗಂಡ ಅದನ್ನು ನನಗೆ ಮುಟ್ಟಲೂ ಬಿಡುವುದಿಲ್ಲ. ಡೈನಮೋ ತೆಗೆದು, ಈಗಿನ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕೋಣ ಎಂದೆ.

ಮೂವರೂ ಹೊಸನಗರದಿಂದ ಬರುವ ಬಸ್ಸು ಹತ್ತಿ ಸಾಗರದ ಗುಜರಿ ಅಂಗಡಿಗೆ ಹೋದೆವು. ಮಾವ ನೇರವಾಗಿ ಹಳೇ ಬಸ್ಸಿನಿಂದ ಬಿಚ್ಚಿದ್ದ ದೊಡ್ಡ ಆಲ್ಟರ್ನೇಟರ್ ಒಂದನ್ನು ತಬ್ಬಿಕೊಂಡರು. ನಮ್ಮ ಮನೆಯಲ್ಲಿ ಏನನ್ನೇ ಆರಿಸುವುದು ಹಾಗೆ, ಎತ್ತಿ ನೋಡಿ ಭಾರ ಇದ್ದರೆ ಒಳ್ಳೆಯದು.

"ಇದ್ನ ಹಾಕಿದ್ರೆ ಮೊಮ್ಮಕ್ಕಳ ಕಾಲಕ್ಕೂ ಆಗ್ತದೆ" ಎಂದರು.

"ಮಾವಾ, ಅದು ಇಪ್ಪತ್ನಾಲ್ಕು ವೋಲ್ಟಿಂದು, ನಮ್ದು ಹನ್ನೆರಡು. ಬ್ಯಾಟರಿ ಬೆಂದೋಗ್ತದೆ. ನಮಗಿರೋದು ಎರಡು ಲೈಟು, ಕೂಗದೇ ಇರೋ ಒಂದು ಹಾರ್ನು. ಸಣ್ಣ ಕಾರಿಂದು ಸಾಕು."

ನಾನು ತೋರಿಸಿದ್ದು ತೆಂಗಿನಕಾಯಿ ಗಾತ್ರದ್ದು. "ಇದೇನು ಮಿಕ್ಸಿಗೆ ಹಾಕೋದಾ?" ಎಂದು ಗಂಡ ನಕ್ಕ. ಮನೆಗೆ ತಂದು, ಬೆಲ್ಟು ನೇರ ಬರುವಂತೆ ಕೂರಿಸಿ, ಹಳೇ ಕಾಲದವರು ಟ್ರ್ಯಾಕ್ಟರಿನ ಮೈಗೆ ಸೇರಿಸಿದ್ದ ಬ್ಯಾಟರಿಯ ಪ್ಲಸ್ ತಂತಿಯ ಜಾಗಕ್ಕೆ ಆಲ್ಟರ್ನೇಟರಿಗೆ ಬೇಕಾದಂತೆ ಮೈನಸ್ ತಂದು, ಇಬ್ಬರ ಹಂಗಿಸುವಿಕೆ ಕೇಳುತ್ತಲೇ ಕೆಲಸ ಮುಗಿಸಿದೆ.

ಬ್ಯಾಟರಿ ಇನ್ನೂ ಖಾಲಿ ಇದ್ದದ್ದರಿಂದ ಹೂಟಿಯ ದಿನ ತಳ್ಳಿಸಿಕೊಂಡೇ ಗದ್ದೆಗೆ ಇಳಿದೆ. ಮಧ್ಯಾಹ್ನದವರೆಗೆ ಹೂಡಿ, ಗದ್ದೆಯ ನಟ್ಟನಡುವೆ, ಮೊಣಕಾಲುದ್ದದ ಕೆಸರಿನಲ್ಲಿ ಎಂಜಿನ್ ಆಫ್ ಮಾಡಿದೆ.

ಅಂಚಿನ ಮೇಲೆ ಬುತ್ತಿ ಬಿಚ್ಚುತ್ತಿದ್ದ ಮಾವ ಎದ್ದು ನಿಂತರು. "ಆಫ್ ಮಾಡಿದ್ಯಾ? ತಲೆ ಕೆಟ್ಟಿದ್ಯಾ ನಿಂಗೆ? ಈ ಕೆಸರಲ್ಲಿ ಯಾರ್ ತಳ್ತಾರೆ?"

ನಾನು ಇಳಿದು ಬಂದು ಊಟಕ್ಕೆ ಕುಳಿತೆ. ಒಳಗೆ ಭಯವಿದ್ದರೂ ಕೇಳಿ ಮಜ್ಜಿಗೆ ಹಾಕಿಸಿಕೊಂಡೆ. ಆಮೇಲೆ ಹತ್ತಿ ಕುಳಿತು ಕೀ ತಿರುಗಿಸಿದೆ. ಎಂಜಿನ್ ಒಮ್ಮೆ ಗೊಣಗಿತು, ಸ್ಟಾರ್ಟ್ ಆಯಿತು.

ಗಂಡ ಬಾಯಿಗೆ ಹಾಕಿದ ತುತ್ತು ಅಗಿಯುವುದನ್ನೇ ಮರೆತ. ಮಾವ ಪಂಚೆ ಎತ್ತಿ ಕಟ್ಟಿ ಕೆಸರು ತುಳಿದುಕೊಂಡು ಓಡಿ ಬಂದರು.

"ಇಳಿ, ಇಳಿ. ನಾನೂ ಒಂದ್ಸಲ ಆಫ್ ಮಾಡಿ ನೋಡ್ತೀನಿ."

ನಾನು ಇಳಿಯಲಿಲ್ಲ.