ಹಿಂದಿನ ಸ್ಪೀಕರಿನಲ್ಲಿ ಅತ್ತೆ ಇರಲಿಲ್ಲ

ಕಳೆದ ಭಾನುವಾರ ನಾನು ಹೋದಾಗ ನಮ್ಮ ಮಾವ ಸ್ಟೂಲ್ ಹತ್ತಿ ನಿಂತಿದ್ದರು. ಒಂದು ಕೈಯಲ್ಲಿ ಟೆಸ್ಟರ್, ಇನ್ನೊಂದು ಕೈ ಗೋಡೆ ಮೇಲೆ. ಸೋಫಾದ ಹಿಂದೆ ತೂಗುಹಾಕಿದ ಸ್ಪೀಕರಿನ ವೈರ್ ಅಲ್ಲಾಡಿಸುತ್ತಿದ್ದರು.

"ಮುಂದಿನವು ಚೆನ್ನಾಗೇ ಬರ್ತಾ ಅವೆ ಕಣಮ್ಮ. ಹಿಂದಿನವೆರಡೂ ಉಸಿರೇ ಬಿಡ್ತಿಲ್ಲ. ಇಲಿ ಕಡಿದಿರಬೇಕು, ನೋಡು."

ಇಲಿ ಕಡಿದಿರಲಿಲ್ಲ. (ಕಡಿದಿದ್ದರೆ ಎಷ್ಟು ಚೆನ್ನಾಗಿತ್ತು!) ನಾನು ಯಾವುದೋ ಸಿನಿಮಾ ಡಿಸ್ಕ್ ಹಾಕಿದೆ. ಹಿಂದಿನ ಸ್ಪೀಕರಿನಲ್ಲಿ ಧಾರಾಕಾರ ಮಳೆ ಸುರಿಯಿತು. ಮಾವನ ಮುಖ ಅರಳಿತು. ಅವರು ಕೇಳುತ್ತಿದ್ದ ಭಜನೆ ಸೀಡಿಯನ್ನೇ ಮತ್ತೆ ಹಾಕಿದೆ. ಹಿಂದೆ ಏನೂ ಇಲ್ಲ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ಅಂಬಾಜಿದುರ್ಗದ ಪಕ್ಕದ ಊರು. ಅಲ್ಲಿನ ಭಜನೆ ಮನೆಯಲ್ಲಿ ಹಾರ್ಮೋನಿಯಂ ಅವರದೇ. ಅತ್ತೆ ಈ ಯುಗಾದಿ ಆದಮೇಲೆ ತೀರಿಕೊಂಡರು. ಬೆಳಿಗ್ಗೆ ಕಾಫಿ ಕೊಟ್ಟವರು ಮಧ್ಯಾಹ್ನಕ್ಕೆ ಇರಲಿಲ್ಲ.

ಕಳೆದ ಧನುರ್ಮಾಸದಲ್ಲಿ ಚಿಂತಾಮಣಿಯಿಂದ ಸ್ಟುಡಿಯೋ ಮಂಜುನಾಥ ಬಂದು ಭಜನೆ ರೆಕಾರ್ಡ್ ಮಾಡಿಕೊಂಡಿದ್ದ. ಮದುವೆ ವಿಡಿಯೋ ತೆಗೆಯುವ ಹುಡುಗ. ಹೊಸದಾಗಿ, ಸುತ್ತಲಿನ ಸದ್ದನ್ನೆಲ್ಲ ಹಿಡಿಯುವ ಒಂದು ಸರೌಂಡ್ ರೆಕಾರ್ಡರ್ ಕೊಂಡಿದ್ದ. ಅದನ್ನು ಸರಿಯಾಗಿ ನಡುಮಧ್ಯೆ ಇಟ್ಟ. ಅದರ ಮುಂದಕ್ಕೆ ಗಂಡಸರು, ಹಾರ್ಮೋನಿಯಂ, ತಬಲಾ. ಹಿಂದಕ್ಕೆ ಹೆಂಗಸರು. ನಮ್ಮ ಕಡೆ ಭಜನೆಗೆ ಕೂರುವುದೇ ಹಾಗೆ. ಗಂಡಸರು ಸಾಲು ಹೇಳುತ್ತಾರೆ, ಹಿಂದೆ ಕೂತ ಹೆಂಗಸರು ಅದನ್ನು ಎತ್ತಿಕೊಳ್ಳುತ್ತಾರೆ. ಯಾರು ಈ ಕಾನೂನು ಮಾಡಿದರೋ ಗೊತ್ತಿಲ್ಲ. ಯಾರೂ ಕೇಳಿಯೂ ಇಲ್ಲ.

ಸಂಕ್ರಾಂತಿ ಹೊತ್ತಿಗೆ ಸೀಡಿ ಬಂತು. (ಈ ಕಾಲದಲ್ಲೂ ಸೀಡಿನಾ ಅಂತ ನಗಬೇಡಿ. ಮಾವನಿಗೆ ತಮ್ಮ ಹೋಮ್ ಥಿಯೇಟರ್ ಮೇಲೆ ಇರುವ ಪ್ರೀತಿ ನಿಮಗೆ ಗೊತ್ತಿಲ್ಲ.) ಬಂದದ್ದು ಷೋಕೇಸಿನಲ್ಲಿ ಕೂತಿತು. ಯಾರೂ ಕೇಳಲಿಲ್ಲ. ಮನುಷ್ಯರೇ ಮನೆಯಲ್ಲಿರುವಾಗ ಸೀಡಿ ಯಾರಿಗೆ ಬೇಕು?

ಈಗ ಬೇಕಾಗಿತ್ತು. ನಾನು ಸೋಮವಾರವೇ ಮಂಜುನಾಥನ ಸ್ಟುಡಿಯೋಗೆ ಹೋದೆ.

"ಆಡಿಯೋ ಸೀಡಿ ಹಿಡಿಯೋದೇ ಎರಡು ಚಾನೆಲ್ ಅಕ್ಕ," ಅಂದ. "ಎಡ, ಬಲ, ಅಷ್ಟೇ. ನನ್ನ ರೆಕಾರ್ಡರಲ್ಲಿ ನಾಲ್ಕು ಬರುತ್ತೆ. ಮುಂದಿಂದು ಒಂದು ಫೈಲು, ಹಿಂದಿಂದು ಒಂದು ಫೈಲು. ಮುಂದಿಂದು ಹಾಕ್ದೆ."

"ನಾಲ್ಕನ್ನೂ ಹಾಕೋಕೆ ಆಗ್ತಿರಲಿಲ್ವಾ?"

ಆಗುತ್ತಿತ್ತಂತೆ. ನಾಲ್ಕನ್ನೂ ಎರಡರಲ್ಲಿ ಬೆರೆಸಬಹುದಿತ್ತು. ಹಿಂದಿನದು ಹಿಂದೆಯೇ ಕೇಳಬೇಕೆಂದರೆ ಡಿಟಿಎಸ್ ಅನ್ನುವ ಸರೌಂಡ್ ರೂಪಕ್ಕೆ ಬದಲಾಯಿಸಿ ಬರ್ನ್ ಮಾಡಬಹುದಿತ್ತು, ಇಲ್ಲವಾದರೆ ಡಿವಿಡಿ ಮಾಡಬಹುದಿತ್ತು. ಎಲ್ಲವೂ ಅವನಿಗೆ ಗೊತ್ತು. ಯಾಕೆ ಮಾಡಲಿಲ್ಲ?

"ಹೆಡ್‌ಫೋನ್ ಹಾಕ್ಕೊಂಡು ಹಿಂದಿನ ಫೈಲ್ ಪೂರ್ತಿ ಕೇಳ್ದೆ ಅಕ್ಕ. ಬರೀ ಕೋರಸ್ಸು. ಕೆಮ್ಮು, ಬಳೆ ಸದ್ದು, ಒಂದು ಮಗು ಅಳೋದು. ಯಾರೋ ಒಬ್ರು ಮಾತ್ರ ಪ್ರತಿ ಸಾಲಿನ ಕೊನೇಲಿ ದನಿ ಎಳೀತಿದ್ರು, ತೆಲುಗು ಹಾಡಿನ ಥರ. ಚೆನ್ನಾಗಿತ್ತು. ಆದ್ರೆ ಮುಂದಿನ ಹಾಡಿಗೆ ಡಿಸ್ಟರ್ಬ್ ಅನ್ನಿಸ್ತು."

ಅತ್ತೆಯ ತವರು ಗಡಿಯಾಚೆ, ಆಂಧ್ರದಲ್ಲಿ. ಆ ಎಳೆತ ಅವರದೇ.

"ಆ ಫೈಲ್ ಕೊಡಪ್ಪ."

"ಏಂ ಚೇಸೇದಿ ಅಕ್ಕ, ಏನ್ ಮಾಡೋದು... ಮದುವೆ ಸೀಸನ್ನು, ಕಾರ್ಡ್ ಖಾಲಿ ಮಾಡ್ದೆ."

ಕೂಗಾಡಿದೆ. ಚೆನ್ನಾಗಿಯೇ ಕೂಗಾಡಿದೆ. ಪಾಪ, ಅವನು ನನ್ನೆದುರೇ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದ. ಯಾರದೋ ಆರತಕ್ಷತೆಯ ವಾಲಗದ ಚೂರುಗಳು ಬಂದವು. ಅತ್ತೆ ಬರಲಿಲ್ಲ. ಆ ದನಿಯ ಆಯಮ್ಮ ಈಗಿಲ್ಲ ಅಂತ ನನ್ನಿಂದ ತಿಳಿದ ಮೇಲೆ ಅವನು ಇನ್ನೊಂದು ಸಲ ಹುಡುಕಿ ನೋಡಿದ.

ಮಾವನಿಗೆ ಹೇಗೆ ಹೇಳುವುದು? ಸ್ಪೀಕರ್ ಕೆಟ್ಟಿದೆ ಅಂದುಬಿಡಲೇ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಆದರೆ ಅವರು ಸ್ಟೂಲ್ ಹತ್ತುತ್ತಲೇ ಇರುತ್ತಾರಲ್ಲ! ಮಂಗಳವಾರ ಹೋಗಿ ನಿಜವನ್ನೇ ಹೇಳಿದೆ. ಬೈಯಲಿಲ್ಲ. ರಿಮೋಟ್ ತೆಗೆದುಕೊಂಡು ವಾಲ್ಯೂಮ್ ಪೂರ್ತಿ ಏರಿಸಿದರು. ಗಂಡಸರ ಸಾಲು ಮುಗಿದ ಕಡೆ ದೂರದಲ್ಲಿ ಏನೋ ಗುಂಯ್ ಅಂತಿತ್ತು. ಹೆಂಗಸರೇ ಇರಬೇಕು. ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಹಾರ್ಮೋನಿಯಂ ಮೇಲೆ ಬಿತ್ತು. ಮಾವನದೇ ಹಾರ್ಮೋನಿಯಂ.

ಆಫ್ ಮಾಡಿ ಹೇಳಿದರು.

"ಸಾವಿಗೆ ಬಂದೋರೆಲ್ಲ ಅದನ್ನೇ ಹೇಳಿದ್ರಮ್ಮ. ಕೊನೇಲಿ ಅವಳು ಎಳೀತಿದ್ದದ್ದು ಕೇಳೋಕೇ ಭಜನೆಗೆ ಬರ್ತಿದ್ವಿ ಅಂತ. ನನಗೆ ಗೊತ್ತೇ ಇರಲಿಲ್ಲ. ನಾನು ಮುಂದೆ ಕೂತು ಪೆಟ್ಟಿಗೆ ಒತ್ತುತಾ ಇರ್ತಿದ್ದೆ, ನನ್ನ ಸದ್ದೇ ನನಗೆ. ಮನೇಲಿ ಅವಳು ಹಾಡ್ತಿರಲಿಲ್ಲ. ನಾನೂ ಹಾಡು ಅನ್ನಲಿಲ್ಲ. ಸೀಡೀಲಾದ್ರೂ ಒಂದು ಸಲ ಕೇಳೋಣ ಅಂತಿದ್ದೆ."

ಕಾಫಿ ಮಾಡಿಕೊಟ್ಟು ಹೊರಟೆ. ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಪಕ್ಕದ ಹೆಂಗಸು ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟರು.

ಊರಿನಲ್ಲಿ ಈಗ ಎಲ್ಲರೂ ಮಂಜುನಾಥನಿಗೆ ಶಾಪ ಹಾಕುತ್ತಿದ್ದಾರೆ. ಹಾಕಲಿ. ಮಂಗಳವಾರದವರೆಗೆ ನಾನೂ ಹಾಕುತ್ತಿದ್ದೆ. ಆದರೆ ಅವನು ಅಳಿಸುವ ಮುಂಚೆ ಹೆಡ್‌ಫೋನ್ ಹಾಕಿಕೊಂಡು ಅತ್ತೆಯನ್ನು ಪೂರ್ತಿಯಾಗಿ ಕೇಳಿದ್ದ.

ಮನೆಯವರು ಅಷ್ಟಾದರೂ ಕೇಳಿದ್ದರಾ?