ನನ್ನ ಕುರಿಗಳ ಮೇಲೆ ಓಡಿದ ಕಾರು

ನನ್ನ ತಮ್ಮ ರೇಸ್ ಕಾರು ಓಡಿಸುತ್ತಾನೆ. ಅದೇ ಅವನ ಕಸುಬು. ಕೊಯಮತ್ತೂರು, ಚೆನ್ನೈ ಅಂತ ತಿರುಗಿ, ನಡುವೆ ಲಾರಿಯ ಮೇಲೆ ಕಾರು ಹೇರಿಕೊಂಡು ಊರಿಗೆ ಬಂದರೆ ಮಹಾರಾಜರ ಸವಾರಿ ಬಂದಂತೆ. ಕಾರಿನ ಮೈತುಂಬ ಕಂಪನಿಗಳ ಸ್ಟಿಕ್ಕರ್. "ಇವ್ರೆಲ್ಲಾ ನಂಗೆ ದುಡ್ಡು ಹಾಕೋರು ಕಣಕ್ಕಾ" ಅನ್ನುತ್ತಿದ್ದ. ನಾನೂ ಪೆದ್ದಿ, ನಂಬಿದ್ದೆ.

ನಮ್ಮದು ಮಧುಗಿರಿ ಸೀಮೆಯ ಕುರಿಗಾರರ ಮನೆ. ಹೆಣ್ಣು ಹುಟ್ಟಿದರೆ ಅವಳ ಪಾಲಿಗೆ ಒಂದು ಹೆಣ್ಣುಮರಿ ಬಿಡುತ್ತಾರೆ. ಅದು ಈದದ್ದೆಲ್ಲ ಅವಳದೇ. ಗುರುತಿಗೆ ಎಡಗಿವಿಯ ತುದಿ ಸೀಳಿರುತ್ತಾರೆ. ಮದುವೆಯಾದಾಗ ಆ ಹಿಂಡು ಅವಳ ಜೊತೆ ಗಂಡನ ಮನೆಗೆ ಹೋಗಬೇಕು. ನನಗೆ ಹೊಳವನಹಳ್ಳಿ ಕಡೆಯ ಒಂದು ಗಂಡು ಗೊತ್ತಾಗಿತ್ತು. ಫೋನಿನಲ್ಲಿ ಮಾತೂ ಶುರುವಾಗಿತ್ತು. ಅವನೆಂದರೆ ನನಗೆ ಆಸೆ, ಸುಳ್ಳು ಯಾಕೆ ಹೇಳಲಿ. ನನ್ನ ಹಿಂಡು ಅಪ್ಪನ ಮಂದೆಯ ಜೊತೆ ಪಾವಗಡದ ಕಡೆ ಮೇಯುತ್ತಿದೆ ಅಂದುಕೊಂಡಿದ್ದೆ.

ನಾನು ಶಿರಾದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎದುರಿನ ಸ್ಟಿಕ್ಕರ್ ಅಂಗಡಿಯಿಂದ ಒಂದು ಕಟ್ಟು ತಂದುಕೊಡು ಅಂತ ತಮ್ಮ ಫೋನ್ ಮಾಡಿದ. ಹೋಗಿ ನೋಡಿದರೆ ಕಾರಿನ ಮೇಲಿದ್ದ ಹೆಸರುಗಳೇ. "ಕಂಪ್ನಿಯೋರು ನಿಮ್ಮತ್ರಾನೇ ಮಾಡುಸ್ತಾರಾ ಭಾಯ್?" ಅಂದೆ.

ಅಂಗಡಿಯವನು ನಕ್ಕ. "ಅರೆ, ಯಾವ ಕಂಪ್ನಿ ಬೆಹೆನ್? ನಿಮ್ ತಮ್ಮ ಹೆಸ್ರು ಹೇಳ್ತಾನೆ, ನಾವು ಕಟಿಂಗ್ ಮಾಡ್ತೀವಿ. ಸ್ಟಿಕ್ಕರ್ ಇಲ್ದಿರೋ ಗಾಡೀನ ಯಾರು ನೋಡ್ತಾರೆ?"

ಹಾಗಾದರೆ ದುಡ್ಡು ಎಲ್ಲಿಂದ? ಆ ವಾರ ಮಂದೆ ವಾಪಸ್ಸಾಯಿತು. ನಾನು ಊರಿಗೆ ಹೋಗಿ, ಕುರಿ ಕೂಡುವ ರೊಪ್ಪಕ್ಕೆ ಇಳಿದು ಒಂದೊಂದೇ ಕುರಿಯ ಎಡಗಿವಿ ಹಿಡಿದು ನೋಡಿದೆ. ಒಂದರದ್ದೂ ಸೀಳಿರಲಿಲ್ಲ.

ಅಪ್ಪ ತಲೆ ಎತ್ತಲಿಲ್ಲ. "ಟೈರು, ಎಂಜಿನ್ನು ಅಂತ ಕೇಳ್ದ ಕಣವ್ವಾ. ಮಾರ್ಬುಟ್ಟೆ. ಅವ್ನು ಗೆದ್ರೆ ನಮ್ಮನೆ ಹೆಸ್ರೇ ಅಲ್ವಾ?"

ತಮ್ಮ ಕಾರಿನ ಗಾಜು ಒರೆಸುತ್ತಲೇ, "ಕುರಿಗೋಸ್ಕರ ಯಾಕಕ್ಕಾ ಇಂಗೆ ಬಾಯಿ ಬಡ್ಕೋತೀಯ?" ಅಂದ. "ನಿನ್ ಕೈ ಸೇದೋಗ!" ಅಂತ ಶಾಪ ಹಾಕಿ ಕಿರುಚಿದೆ. ಅವ್ವ ಓಡಿ ಬಂದು ನನ್ನ ಬಾಯಿ ಮುಚ್ಚಿದಳು, ಅವನ ಬಾಯಿಯನ್ನಲ್ಲ.

ಗಂಡಿನ ಕಡೆಯವರು ಬಂದರು. ಮಾತು ಗಟ್ಟಿ ಮಾಡುವ ಮುಂಚೆ ಹಿರಿಯರು ಹುಡುಗಿಯ ಪಾಲಿನ ಕುರಿಗಳ ಕಿವಿ ನೋಡುವುದು ವಾಡಿಕೆ. ಅಪ್ಪ ಹಿಂದಿನ ಸಂಜೆ, ಊರವರು ಮೇಯಿಸಲು ನಮ್ಮ ಮಂದೆಗೆ ಬಿಟ್ಟಿದ್ದ ಕುರಿಗಳ ಕಿವಿ ಸೀಳಿ ಇಟ್ಟಿದ್ದ. ಹಿರಿಯರು ಮುಟ್ಟಿದ ಕೂಡಲೇ ಬೆರಳಿಗೆ ಹಸಿ ರಕ್ತ ಹತ್ತಿತು. ಕೈ ತೊಳೆದುಕೊಂಡು ಬಂದರು, ಕಾಫಿ ಲೋಟ ಮುಟ್ಟಲಿಲ್ಲ.

ಆದರೆ ಅಂಗಳದಲ್ಲಿ ಕಾರು ನಿಂತಿತ್ತಲ್ಲ! ಅದರ ಸುತ್ತ ಸುತ್ತಿದರು, ಕಂಪನಿಗಳ ಹೆಸರು ಓದಿ ಓದಿ ಬಾಯಿ ಬಿಟ್ಟರು, ನನ್ನ ತಮ್ಮನ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ತೆಗೆದವನು ನನಗೆ ಗೊತ್ತಾಗಿದ್ದ ಗಂಡೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಭಂಡ.

ಆಮೇಲೆ ಹೇಳಿಕಳಿಸಿದರು. ನಾನು ಬೇಡವಂತೆ. ಬೇಕಿದ್ದರೆ ನನ್ನ ತಮ್ಮನಿಗೆ ಅವರ ಹುಡುಗಿಯನ್ನು, ಅಂದರೆ ಅದೇ ಗಂಡಿನ ತಂಗಿಯನ್ನು, ಕೊಡುತ್ತಾರಂತೆ. ಅಷ್ಟೊಂದು ಕಂಪನಿಗಳು ಸಾಕುತ್ತಿರುವ ಅಳಿಯ ಯಾರಿಗುಂಟು! ಅಪ್ಪ ಒಪ್ಪಿದ. ಮದುವೆಯಲ್ಲಿ ಆರತಿ ಎತ್ತಿದವಳು ನಾನೇ.

ಹುಡುಗಿಯ ಜೊತೆ ಅವಳ ಹಿಂಡೂ ಬಂತು. ಒಳ್ಳೆಯ ಕುರಿಗಳು, ದುಂಡಗಿದ್ದವು. ಒಂದು ಬೆಳಗ್ಗೆ ಅವಕ್ಕೆ ಸೊಪ್ಪು ಹಾಕುತ್ತ ಕೇಳಿದಳು: "ಅತ್ತಿಗೇ, ಇವ್ರಿಗೆ ಎಲ್ಲಾರ್ಗಿಂತ ಜಾಸ್ತಿ ದುಡ್ಡು ಹಾಕೋದು ಯಾವ ಕಂಪ್ನಿ?"

"ಇಲ್ಲೀಗಂಟ ನಾನು ಕಣಮ್ಮ. ಇನ್ಮ್ಯಾಕೆ ನೀನು."

ಅವಳಿಗೆ ಅರ್ಥವಾಗಲಿಲ್ಲ. ನನ್ನ ಕುರಿಗಳು ಎಲ್ಲಿ ಹೋದವು ಅಂತ ಒಂದನ್ನೂ ಬಿಡದೆ ಬಿಡಿಸಿ ಹೇಳಿದೆ. ಅವಳು ತನ್ನ ಕುರಿಯೊಂದರ ಕತ್ತು ತಬ್ಬಿಕೊಂಡು ಅಳತೊಡಗಿದಳು. ಅಣ್ಣನನ್ನು ಕರೆಸಿ ಅಂತ ಗೋಗರೆದಳು. ನನ್ನ ಹೊಟ್ಟೆ ತಣ್ಣಗಾಯಿತು.